ಮಳೆಯೇ ಇಲ್ಲದೆ ಹೊಂಗೆ ಚಿಗುರುವುದು ಯಾವ ನೀರಿನಿಂದ?

ಏರಿ ಮೇಲಿನವ, ಮೈಸೂರು

ನಿವೃತ್ತನಾದ ಮೇಲೆ ಬೆಳಗಿನ ನಡಿಗೆಗೆ ನನಗೆ ಕುಕ್ಕರಹಳ್ಳಿ ಕೆರೆಯ ಏರಿಯೇ ಗತಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಹೆಜ್ಜಾರ್ಲೆ ಹಕ್ಕಿ ನೋಡಲು, ಉಳಿದರ್ಧ ಸಕ್ಕರೆ ಕಾಯಿಲೆ ಇಳಿಸಲು. ನನ್ನ ಕಣ್ಣು ಮಾತ್ರ ಒಂದು ಹೊಂಗೆ ಮರದ ಮೇಲೆ.

ಫೆಬ್ರುವರಿಯಲ್ಲಿ ಅದರ ಎಲೆ ಹಳದಿಗಟ್ಟಿ ಉದುರಿತು. ಮಾರ್ಚ್ ನಡುವಿನ ಹೊತ್ತಿಗೆ ಒಂದು ಹನಿ ಮಳೆಯಿಲ್ಲ, ಕಾಲಡಿಯ ಮಣ್ಣು ಬಿರುಕು ಬಿಟ್ಟಿದೆ. ಮರ ಮಾತ್ರ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು ಹೊದ್ದು ನಿಂತಿದೆ. ಒಂದು ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳೆಲ್ಲ ಕಾಣುತ್ತವೆ, ಅಷ್ಟು ತೆಳು. ಈ ನೀರು ಎಲ್ಲಿಯದು?

ಇನ್ನೊಂದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಸುಮ್ಮನಿರುವುದಿಲ್ಲ. ಈ ಮರಕ್ಕೊಂದು ಪುಸ್ತಕ ಇಟ್ಟಿದ್ದೇನೆ. ಯಾವ ಯಾವ ಕಲಂ ಹಾಕಲಿ? ನೋಡಿ ಗೊತ್ತಿದ್ದವರು ಹೇಳಿ. ಪರಿಸರ ಉಪದೇಶ ಬೇಡ.

ಸಸ್ಯಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಎಲೆ ಉದುರಿತು ಎಂದಿರಲ್ಲ ಸಾರ್, ಉತ್ತರ ಅಲ್ಲೇ ಇದೆ. ಮರದ ನೀರು ಖರ್ಚಾಗುವುದೇ ಎಲೆಯ ಮೂಲಕ. ಎಲೆ ಹೋದರೆ ಖರ್ಚು ನಿಂತಿತು. ಆಳಕ್ಕಿಳಿದ ಬೇರು ಎಳೆದದ್ದೆಲ್ಲ ಕಾಂಡ, ಕೊಂಬೆಗಳಲ್ಲಿ ಜಮೆ. ಹಗಲು ಉದ್ದವಾಗುತ್ತ ಬಂದಾಗ ಇಂಥ ಹಲವು ಮರಗಳು ಮಳೆಗೆ ಕಾಯದೆ ಚಿಗುರುತ್ತವೆ. ಮುಂಗಾರು ಬರುವಷ್ಟರಲ್ಲಿ ಎಲೆ ಬಲಿತಿರುತ್ತದೆ, ಮಳೆಯೊಂದಿಗೆ ಹೆಚ್ಚುವ ಹುಳುಗಳಿಗೆ ಎಳೆಯ ಮೇವು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕಲಂ: ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂ, ಎಳೆಗಾಯಿ, ಬಲಿತ ಕಾಯಿ. ಎಣಿಸಲು ಹೋಗಬೇಡಿ, ಇಲ್ಲ, ಸ್ವಲ್ಪ, ತುಂಬಾ ಎಂದು ಬರೆದರೆ ಸಾಕು, ವಾರಕ್ಕೊಮ್ಮೆ. ಮರಗಳ ಚಿಗುರು, ಹೂ, ಕಾಯಿಯ ಲೆಕ್ಕವನ್ನು ಜನರಿಂದಲೇ ಬರೆಸುವ ಸೀಸನ್‌ವಾಚ್ ಯೋಜನೆಯವರು ಬರೆಸುವುದೂ ಹೆಚ್ಚುಕಡಿಮೆ ಹೀಗೆಯೇ. ಹೊಂಗೆಯ ಕಾಯಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಹೊಸ ಹೂವಿನ ಪಕ್ಕದಲ್ಲೇ ಹೋದ ವರ್ಷದ ಕಾಯಿ ತೂಗುತ್ತಿದ್ದರೆ ಗಾಬರಿಯಾಗಬೇಡಿ. ಎಲೆಯ ಮೇಲೆ ಬೆರಳಿನಂಥ ಗಂಟುಗಳು ಎದ್ದಿದ್ದರೆ ಅದನ್ನೂ ಬರೆಯಿರಿ. ಬರಿಗಣ್ಣಿಗೆ ಕಾಣದ ನುಸಿಗಳ ಮನೆ ಅದು.

ಹೊಲದ ಬದು, ರಾಣೆಬೆನ್ನೂರು

ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಯಿರಿ ಯಜಮಾನರೇ. ಯುಗಾದಿ ಮಾರ್ಚ್‌ಗೂ ಬರುತ್ತದೆ, ಏಪ್ರಿಲ್‌ಗೂ ಬರುತ್ತದೆ, ನಂಬಿಕೊಂಡರೆ ಲೆಕ್ಕ ತಪ್ಪುತ್ತದೆ. ಮಳೆ ನಕ್ಷತ್ರ ಸೂರ್ಯನನ್ನು ಹಿಡಿದು ನಡೆಯುವುದರಿಂದ ಅಲುಗಾಡುವುದಿಲ್ಲ: ಅಶ್ವಿನಿ ಏಪ್ರಿಲ್ ನಡುವೆ, ಭರಣಿ ಆ ತಿಂಗಳ ಕೊನೆಗೆ, ರೋಹಿಣಿ ಮೇ ಕೊನೆಗೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ನಮ್ಮವರು ಹೇಳುವುದು ಸುಮ್ಮನೆ ಅಲ್ಲ. ಭರಣಿ ಸುರಿದ ವರ್ಷ, ಸುರಿಯದ ವರ್ಷ ನಿಮ್ಮ ಹೊಂಗೆ ಏನು ಮಾಡಿತು ಎಂದು ಮುಂದೆ ತಾಳೆ ನೋಡಬಹುದು.

ಎರಡನೇ ಅಡ್ಡರಸ್ತೆ, ಬೆಂಗಳೂರು

ಒಂದೇ ಮರ ಸಾಲದು. ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಎರಡು ಹೊಂಗೆಗಳಲ್ಲಿ ಒಂದು ಬೋಳಾಗಿರುವಾಗ ಇನ್ನೊಂದು ಹೂ ಚೆಲ್ಲಿ ಕಾರುಗಳ ಗಾಜು ಮುಚ್ಚಿರುತ್ತದೆ. ಒಂದನ್ನೇ ನೋಡಿ ‘ಈ ಸಲ ವಸಂತ ತಡವಾಯಿತು’ ಎನ್ನಬೇಡಿ. ಕೋಗಿಲೆಗೂ ಒಂದು ಕಲಂ ಇರಲಿ. ಅದು ಎಲ್ಲಿಂದಲೋ ಬರುವ ಹಕ್ಕಿಯಲ್ಲ, ಚಳಿಗಾಲದಲ್ಲೂ ಇಲ್ಲೇ ಇರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೆ.

ಏರಿ ಮೇಲಿನವ, ಮೈಸೂರು

ಮೇಷ್ಟ್ರೇ, ‘ಜಮೆ, ಖರ್ಚು’ ಎಂದು ನನ್ನ ಭಾಷೆಯಲ್ಲೇ ಹೇಳಿದಿರಿ. ಏರಿಯ ಮೇಲೆ ಇನ್ನೆರಡು ಮರ ಗುರುತು ಮಾಡುತ್ತೇನೆ, ಒಂದು ನೀರಿಗೆ ಹತ್ತಿರ, ಒಂದು ದೂರ. ನಕ್ಷತ್ರದ ಕಲಂ ಖಂಡಿತ. ಕೋಗಿಲೆಗೆ ಬೇಡ, ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸುವವನನ್ನು ಪುಸ್ತಕದಲ್ಲಿ ಬೇರೆ ಬರೆದುಕೊಳ್ಳಬೇಕೇ? ಗಂಟುಗಳು ಕೆಳಗಿನ ಕೊಂಬೆಯಲ್ಲಿ ಆಗಲೇ ಎದ್ದಿವೆ. ಅವಕ್ಕೂ ‘ಇಲ್ಲ, ಸ್ವಲ್ಪ, ತುಂಬಾ’ ಸಾಕೇ, ಅಥವಾ ಎಷ್ಟು ಎಲೆಗೆ ಎಂದು ಲೆಕ್ಕ ಹಾಕಬೇಕೇ?