ಫೈಬರ್‌ಗ್ಲಾಸ್ ಮೊಲದಿಂದ ಬಣ್ಣ ಸಿಪ್ಪೆಯಂತೆ ಏಳುತ್ತಿದೆ: ಪೂರ್ತಿ ಕೆರೆಯಬೇಕೇ?

ಕುಂಚಬಾಲ:

ನಮಸ್ಕಾರ. ಸಾರ್ವಜನಿಕ ಕಲಾಪಥವೊಂದರಲ್ಲಿ ನಿಲ್ಲಿಸಲಿರುವ, 1.6 ಮೀಟರ್ ಎತ್ತರದ ಫೈಬರ್‌ಗ್ಲಾಸ್ ಮೊಲಕ್ಕೆ ಬಣ್ಣ ಹಚ್ಚುತ್ತಿದ್ದೇನೆ. ಇದುವರೆಗೆ ಕ್ಯಾನ್ವಾಸಿನ ಮೇಲಷ್ಟೇ ಕೆಲಸ ಮಾಡಿದ್ದೇನೆ. ಶಿಲ್ಪವು ಬೆಳ್ಳಗೆ, ನುಣ್ಣಗೆ ಬಂದಿದ್ದರಿಂದ ಪ್ರೈಮರ್ ಆಗಲೇ ಬಿದ್ದಿದೆ ಎಂದುಕೊಂಡು, ಉಪ್ಪುಕಾಗದದಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅಕ್ರಿಲಿಕ್ ಬಣ್ಣವನ್ನು ಮೂರು ಸಲ ಹಚ್ಚಿದೆ. ಎರಡು ವಾರಗಳ ನಂತರ, ಮಾಸ್ಕಿಂಗ್ ಟೇಪ್ ತೆಗೆಯುವಾಗ ಕಿವಿಯ ಒಳಭಾಗದಲ್ಲಿಯೂ ಹೊಟ್ಟೆಯ ಕೆಳಗೂ ಬಣ್ಣವು ಅಂಗೈಯಗಲದ ಸಿಪ್ಪೆಯಾಗಿ ಎದ್ದು ಬಂತು. ಬೆನ್ನಿನ ಮೇಲೆ ಮಾತ್ರ ಗಟ್ಟಿಯಾಗಿದೆ. ಮಾರ್ಕರ್‌ನಿಂದ ಎಳೆದ ಕಪ್ಪು ರೇಖೆಗಳ ಮೇಲೆ ವಾರ್ನಿಷ್ ಹಚ್ಚಿ ನೋಡಿದಾಗ ಅವು ಕದಡಿಕೊಂಡವು. ಶಿಲ್ಪವನ್ನು ಒಪ್ಪಿಸಲು ಹದಿನಾರು ದಿನ ಉಳಿದಿವೆ. ಪೂರ್ತಿ ಕೆರೆದು ಮೊದಲಿನಿಂದ ಆರಂಭಿಸಬೇಕೇ?

ಅಚ್ಚುಮನೆ:

ಕೆರೆಯುವ ಮೊದಲು ಎರಡು ವಿಷಯ ತಿಳಿಸಿ. ಎದ್ದ ಸಿಪ್ಪೆಯ ಹಿಂಬದಿಯಲ್ಲಿ ಬಿಳಿ ಪುಡಿ ಅಂಟಿದೆಯೇ, ಇಲ್ಲವೇ ಅದು ಹೊಳೆಯುತ್ತಿದೆಯೇ? ಬಣ್ಣ ಹೋದ ಜಾಗದ ಮೇಲೆ ನೀರು ಚಿಮುಕಿಸಿದರೆ ಅದು ಹರಡುತ್ತದೆಯೇ, ಮಣಿಗಟ್ಟುತ್ತದೆಯೇ?

ಕುಂಚಬಾಲ:

ಹಿಂಬದಿ ಗಾಜಿನಂತೆ ಹೊಳೆಯುತ್ತಿದೆ, ಪುಡಿಯಿಲ್ಲ. ನೀರು ಕೆಸುವಿನೆಲೆಯ ಮೇಲಿನಂತೆ ಮಣಿಗಟ್ಟಿ ಜಾರುತ್ತದೆ.

ಅಚ್ಚುಮನೆ:

ಹಾಗಾದರೆ ದೋಷ ಬಣ್ಣದ್ದಲ್ಲ. ನೀವು ಪ್ರೈಮರ್ ಎಂದು ತಿಳಿದದ್ದು ಜೆಲ್‌ಕೋಟ್, ಅಂದರೆ ಅಚ್ಚಿನೊಳಗೆ ಮೊದಲು ಬಳಿಯುವ ಬಣ್ಣದ ರಾಳದ ಪದರ. 1998ರಲ್ಲಿ ಜ್ಯೂರಿಕ್ ನಗರದ ಬೀದಿಗಳಲ್ಲಿ ಬಣ್ಣದ ಹಸುಗಳು ನಿಂತವಲ್ಲ, ಅವೂ ಫೈಬರ್‌ಗ್ಲಾಸಿನವೇ. ಕ್ಯಾನ್ವಾಸಿನಿಂದ ಈ ವಸ್ತುವಿಗೆ ಬಂದವರು ಮೊದಲು ಎಡವುವುದು ಈ ಬಿಳುಪನ್ನು ನಂಬಿಯೇ. ಶಿಲ್ಪವು ಅಚ್ಚಿನಿಂದ ಸಲೀಸಾಗಿ ಬಿಟ್ಟುಬರಲೆಂದು ಅಚ್ಚಿಗೆ ಮೇಣ ಸವರಿರುತ್ತಾರೆ. ಅದರ ತೆಳು ಲೇಪ ಜೆಲ್‌ಕೋಟಿನ ಮೇಲೆ ಉಳಿದುಬಿಡುತ್ತದೆ. ತೊಳೆಯುವ ಮೊದಲೇ ಉಜ್ಜಿದ್ದರಿಂದ ಆ ಮೇಣವನ್ನು ತೆಗೆಯುವ ಬದಲು ಗೀರುಗಳೊಳಗೆ ತುಂಬಿದಂತಾಯಿತು. ಬೆನ್ನಿನಂಥ ಉಬ್ಬಿನಲ್ಲಿ ಕೈ ಚೆನ್ನಾಗಿ ಓಡಿ ಮೇಣ ಬಹುಪಾಲು ಹೋಗಿರಬೇಕು; ಕಿವಿಯ ಗುಳಿಯಲ್ಲಿ ಉಪ್ಪುಕಾಗದ ಸರಿಯಾಗಿ ಮುಟ್ಟಿಯೇ ಇಲ್ಲ.

ಪೂರ್ತಿ ಕೆರೆಯುವ ಮುನ್ನ ಪರೀಕ್ಷಿಸಿ. ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದು, ಆಗುವ 25 ಚೌಕಗಳ ಮೇಲೆ ಗಟ್ಟಿ ಟೇಪನ್ನು ಒತ್ತಿ ಅಂಟಿಸಿ ಎಳೆಯಿರಿ. ಗೆರೆಗಳ ಅಂಚಿನಲ್ಲಿ ಚೂರುಪಾರು ಉದುರಿದರೆ ಆ ಭಾಗವನ್ನು ಉಳಿಸಿಕೊಳ್ಳಬಹುದು. ಇಡೀ ಚೌಕಗಳೇ ಟೇಪಿಗೆ ಬಂದರೆ ತೆಗೆಯಲೇಬೇಕು. ಮೇಲೆ ವಾರ್ನಿಷ್ ಬಿದ್ದರೆ ಸಡಿಲ ಬಣ್ಣವೂ ಗಟ್ಟಿಯಾದೀತು ಎಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ವಾರ್ನಿಷ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗಿ, ಕೆಳಗಿನ ದುರ್ಬಲ ಪದರವನ್ನು ಮೇಲಕ್ಕೆ ಎಳೆಯುತ್ತದೆ.

ಕೆರೆದ ಜಾಗವನ್ನು ಮೊದಲು ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಬಳಿಕ ವಾಹನಗಳಿಗೆ ಬಣ್ಣ ಹೊಡೆಯುವವರು ಬಳಸುವ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಕದಲ್ಲಿ ಒಂದು ಬಟ್ಟೆಯನ್ನು ತೋಯಿಸಿ ಒರೆಸಿ, ಅದು ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಒಂದೇ ಬಟ್ಟೆಯಾದರೆ ಮೇಣ ಜಾಗ ಬದಲಿಸುತ್ತದೆ, ಅಷ್ಟೆ. ನೀರು ಮಣಿಗಟ್ಟದೆ ಹಾಳೆಯಂತೆ ಹರಡುವವರೆಗೆ ಇದನ್ನು ಮುಂದುವರಿಸಿ, ಆಮೇಲಷ್ಟೇ 320 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ, ಫೈಬರ್‌ಗ್ಲಾಸಿಗೆ ಹೊಂದುವ ಎಪಾಕ್ಸಿ ಪ್ರೈಮರ್ ಹಚ್ಚಿ. ಉಳಿಸಿಕೊಳ್ಳುವ ಬಣ್ಣಕ್ಕೆ ಆ ದ್ರಾವಕ ತಾಗದಿರಲಿ, ಅಕ್ರಿಲಿಕ್ ಮೆತ್ತಗಾಗುತ್ತದೆ. ಉಜ್ಜುವಾಗ ಧೂಳಿನ ಮುಖಗವಸು ಬೇಕೇ ಬೇಕು.

ಹೊಳಪುಕೈ:

ರೇಖೆಗಳ ಬಗ್ಗೆ ನನ್ನದೊಂದು ಮಾತು. ಹಲವು ಮಾರ್ಕರ್‌ಗಳ ಶಾಯಿ ಒಣಗಿದ ಮೇಲೂ ದ್ರಾವಕದಲ್ಲಿ ಮತ್ತೆ ಕರಗುತ್ತದೆ. ಕುಂಚದ ಒತ್ತಡ ಅದನ್ನು ಇನ್ನಷ್ಟು ಕದಡುತ್ತದೆ. ಅಂಥ ಶಾಯಿ ಬಿಸಿಲಿಗೆ ಬೇಗ ಮಾಸುವುದೂ ಉಂಟು, ಆದ್ದರಿಂದ ಸಾಧ್ಯವಿದ್ದಲ್ಲಿ ರೇಖೆಗಳನ್ನು ಕಪ್ಪು ಅಕ್ರಿಲಿಕ್‌ನಲ್ಲಿಯೇ ಬರೆಯಿರಿ. ಬಣ್ಣದ ಕೊನೆಯ ಪದರ ಹಚ್ಚಿ ಕನಿಷ್ಠ ಮೂರು ದಿನ ಕಳೆದ ನಂತರ, ನೀರಿನ ಆಧಾರದ ಅಕ್ರಿಲಿಕ್ ವಾರ್ನಿಷನ್ನು ಮಂಜು ಕೂತಂತೆ ತೆಳುವಾಗಿ ಎರಡು ಸಲ ಸಿಂಪಡಿಸಿ, ಅದು ಒಣಗಿದ ಮೇಲೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಲೇಪಕ್ಕೆ ಹೋಗಿ. ಈ ಜೋಡಿ ಹೊಂದುತ್ತದೆಯೇ ಎಂಬುದನ್ನು ತುಂಡು ಹಲಗೆಯ ಮೇಲೆ ಮೊದಲೇ ನೋಡಿಕೊಳ್ಳಿ. ಪಾಲಿಯುರೆಥೇನಿನ ಗಟ್ಟಿಕಾರಕದಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಅದನ್ನು ಸಿಂಪಡಿಸುವ ಕೆಲಸವನ್ನು, ಹೊರಗಿನ ಗಾಳಿ ಪೂರೈಸುವ ಮುಖವಾಡವಿರುವ ವೃತ್ತಿಪರರಿಗೇ ಬಿಡುವುದು ಲೇಸು. ಶಿಲ್ಪದ ಮೈ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರತೊಡಗುವ ತಾಪಮಾನಕ್ಕಿಂತ, ಕನಿಷ್ಠ 3 ಡಿಗ್ರಿ ಬೆಚ್ಚಗಿರದಿದ್ದರೆ ಲೇಪ ಹಾಲಿನಂತೆ ಬೆಳ್ಳಗಾಗಬಹುದು. ಅದು ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ವಾರ ಬೇಕು. ಹದಿನಾರು ದಿನಗಳಲ್ಲಿ ಅದನ್ನು ಮೊದಲೇ ಕಳೆದುಬಿಡಿ.

ಕುಂಚಬಾಲ:

ಇಬ್ಬರಿಗೂ ಧನ್ಯವಾದ. ಆರು ಕಡೆ ಟೇಪಿನ ಪರೀಕ್ಷೆ ಮಾಡಿದೆ. ಬೆನ್ನು ಮತ್ತು ಪಕ್ಕೆಗಳಲ್ಲಿ ಅಂಚು ಮಾತ್ರ ಉದುರಿತು. ಎರಡೂ ಕಿವಿ ಮತ್ತು ಹೊಟ್ಟೆಯಲ್ಲಿ ಒಂದು ಚೌಕವೂ ಉಳಿಯಲಿಲ್ಲ. ಆ ಮೂರನ್ನೂ ಬರಿದು ಮಾಡಿದ್ದೇನೆ. ಬಲಗಿವಿಯ ಬುಡದಲ್ಲಿ ಮಾತ್ರ ನಾಲ್ಕನೆಯ ಸಲ ಒರೆಸಿದ ಮೇಲೂ ನೀರು ಮಣಿಗಟ್ಟುತ್ತಿರುವುದರಿಂದ ಪ್ರೈಮರನ್ನು ನಾಳೆಗೆ ಮುಂದೂಡಿದ್ದೇನೆ.