ಮೊಮ್ಮಗಳ ಹೆಸರಿನ ಅರ್ಥವನ್ನು ಯಾವ ಭಾಷೆಯಲ್ಲಿ ಹುಡುಕಬೇಕು?

ಕೋರಿಕೆ (ಹಾಸನ)

ಬಾಣಂತನಕ್ಕೆಂದು ತವರಿಗೆ ಬಂದಿರುವ ನಮ್ಮ ಮಗಳಿಗೆ ಕಳೆದ ವಾರ ಹೆಣ್ಣುಮಗು ಹುಟ್ಟಿದೆ. ಮಗಳು, ಅಳಿಯ ಇಬ್ಬರೂ ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿರುವುದರಿಂದ ಅಲ್ಲಿನವರ ನಾಲಿಗೆಗೂ ಹೊಂದುವ ಹೆಸರನ್ನು ಬಯಸುತ್ತಾರೆ. ಮೊಬೈಲಿನ ಆ್ಯಪ್ ಒಂದರಲ್ಲಿ ‘ಸಂಸ್ಕೃತ: ಬೆಳಕಿನ ಕಿರಣ’ ಎಂಬ ವಿವರಣೆಯನ್ನು ನೋಡಿ ‘ಕಿಯಾರಾ’ ಎಂದು ಆರಿಸಿದ್ದಾರೆ, ತಾರಾ ಎಂಬುದೂ ಪಟ್ಟಿಯಲ್ಲಿದೆ. ಬೀಗಿತ್ತಿಯವರಿಗೆ ಜನ್ಮನಕ್ಷತ್ರದ ಅಕ್ಷರವೇ ಆಗಬೇಕು. ಮಗುವಿನದು ಆರ್ದ್ರಾ ನಕ್ಷತ್ರದ ಮೂರನೆಯ ಪಾದ. ಪಂಚಾಂಗದಲ್ಲಿ ಅದಕ್ಕೆ ಕೊಟ್ಟಿರುವ ಅಕ್ಷರ ‘ಙ’. ಇಂತಹ ಇಕ್ಕಟ್ಟನ್ನು ಕಂಡವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು, ಬೇಲೂರು

ಮಾನ್ಯರೇ, ಅಕ್ಷರದ ವಿಷಯವನ್ನು ಮೊದಲು ಮುಗಿಸುತ್ತೇನೆ. 27 ನಕ್ಷತ್ರಗಳ 108 ಪಾದಗಳಿಗೂ ಒಂದೊಂದು ಅಕ್ಷರವನ್ನು ಹಂಚುವಾಗ ಆರ್ದ್ರೆಗೆ ಕು, ಘ, ಙ, ಛ ಎಂದೂ ಉತ್ತರಾಭಾದ್ರೆಗೆ ದು, ಥ, ಝ, ಞ ಎಂದೂ ಬಂದಿದೆ. ನನ್ನ ಹಿರಿಯ ಮಗನದು ಉತ್ತರಾಭಾದ್ರೆಯ ಕೊನೆಯ ಪಾದವಾದ್ದರಿಂದ ಮೂವತ್ತು ವರ್ಷಗಳ ಹಿಂದೆ ನಾನೂ ‘ಞ’ಕಾರವನ್ನು ಹಿಡಿದುಕೊಂಡು ಕುಳಿತಿದ್ದವನೇ. ನಮ್ಮ ಪುರೋಹಿತರು ನಕ್ಕು, ಅದೇ ವರ್ಗದ ‘ಜ’ಕಾರದಿಂದ ಜನ್ಮನಾಮವನ್ನು ಇಟ್ಟು ಮಗುವಿನ ಕಿವಿಯಲ್ಲಿ ಹೇಳಿಸಿದರು, ಕರೆಯುವ ಹೆಸರನ್ನು ನಮ್ಮ ಇಷ್ಟಕ್ಕೆ ಬಿಟ್ಟರು. ಅದೇ ರೀತಿಯಲ್ಲಿ ನಿಮ್ಮ ಮೊಮ್ಮಗಳಿಗೆ ‘ಗ’ಕಾರವಾದೀತು. ಅಕ್ಷರಕ್ಕಿಂತ ನಕ್ಷತ್ರದ ಅಧಿದೇವತೆಯನ್ನು ನೆನೆಯುವ ಪದ್ಧತಿಯೂ ಇದೆ, ಆರ್ದ್ರೆಗೆ ಅಧಿದೇವತೆ ರುದ್ರ. ಬೀಗಿತ್ತಿಯವರಲ್ಲಿ ಇದನ್ನು ಮೆಲ್ಲನೆ ಪ್ರಸ್ತಾಪಿಸಿ ನೋಡಿ.

ಇನ್ನು ‘ಕಿಯಾರಾ’. ಇದು ಸಂಸ್ಕೃತ ಶಬ್ದವಲ್ಲ. ಇಟಲಿಯವರು ‘ಕ್ಯಾರಾ’ ಎಂದು ಉಚ್ಚರಿಸುವ ಹೆಸರು ಲ್ಯಾಟಿನ್ನಿನ ‘ಕ್ಲಾರುಸ್’ ಎಂಬುದರಿಂದ ಬಂದದ್ದು. ತಿಳಿಯಾದ, ಬೆಳಗುವ ಎಂದು ಅದರ ಅರ್ಥ. ಆ್ಯಪ್‌ನವರು ಅರ್ಥವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿ ಭಾಷೆಯನ್ನು ತಪ್ಪಾಗಿ ಹೇಳಿದ್ದಾರೆ. ಆದರೆ ಮಗು ಬೆಳೆಯುವುದು ಇಟಲಿಯಲ್ಲಲ್ಲ, ಐರ್ಲೆಂಡಿನಲ್ಲಿ. ಅಲ್ಲಿ ಇದಕ್ಕೆ ತೀರ ಹತ್ತಿರದ ‘ಕೀರಾ’ ಎಂಬ ಬಳಕೆಯ ಹೆಸರಿದ್ದು, ಅದು ಐರಿಷ್ ಭಾಷೆಯ ‘ಕಪ್ಪು’ ಎಂಬ ಅರ್ಥದ ಪದದಿಂದ ಹುಟ್ಟಿದೆ. ಕಪ್ಪೆಂದರೆ ಕೀಳೆಂದು ನಾನು ಹೇಳುತ್ತಿಲ್ಲ. ಕೃಷ್ಣ ಎಂದರೂ ಕಪ್ಪೇ, ಅರ್ಜುನ ಎಂದರೆ ಬಿಳುಪು, ಇಬ್ಬರೂ ಒಂದೇ ರಥದಲ್ಲಿ ಕುಳಿತವರು. ‘ಬೆಳಕಿನ ಕಿರಣ’ ಎಂದು ನಂಬಿ ಇಟ್ಟ ಹೆಸರನ್ನು ಶಾಲೆಯಲ್ಲಿ ಬೇರೊಬ್ಬರು ‘ಕಪ್ಪು’ ಎಂದು ವಿವರಿಸಿದಾಗ ಬೇಸರವಾಗಬಾರದೆಂದು ಈಗಲೇ ತಿಳಿಸುತ್ತಿದ್ದೇನೆ. ‘ತಾರಾ’ ಎಂಬುದಕ್ಕೆ ಅಂತಹ ತೊಡಕಿಲ್ಲ: ನಮಗೆ ಅದು ನಕ್ಷತ್ರ, ಐರ್ಲೆಂಡಿನವರಿಗೆ ಪ್ರಾಚೀನ ಅರಸರ ಪೀಠವೆಂದು ಹೆಸರಾದ ಒಂದು ಬೆಟ್ಟ. ಎರಡಕ್ಕೂ ನಂಟಿಲ್ಲ, ಜಗಳವೂ ಇಲ್ಲ.

ಒಂದೇ ಭಾಷೆಯೊಳಗೂ ಅರ್ಥ ಹೀಗೆ ಮಗುಚಿಕೊಳ್ಳುವುದುಂಟು. ನಮ್ಮೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ಈ ‘ಬಿಟ್ಟಿ’ ಎಂಬುದು ‘ವಿಷ್ಣು’ವಿನ ತದ್ಭವ, ಕೂಲಿಯಿಲ್ಲದ ಕೆಲಸ ಎಂಬ ಅರ್ಥದ ‘ಬಿಟ್ಟಿ’ಯಾದರೋ ‘ವಿಷ್ಟಿ’ಯಿಂದ ಬಂದದ್ದು. ಎರಡು ಬೇರುಗಳು ಒಂದೇ ಕಾಂಡವಾಗಿ ಕಾಣುವುದರಿಂದ ಇಂದು ಯಾರೂ ಮಗನಿಗೆ ಆ ಹೆಸರನ್ನು ಇಡಲಾರರು. ದೇವಾಲಯದ ಶಾಸನಗಳಲ್ಲಿ ಕಾಣುವ ಶಿಲ್ಪಿ ದಾಸೋಜನ ಹೆಸರಿನ ಕೊನೆಯ ‘ಓಜ’ ಎಂಬುದು ‘ಉಪಾಧ್ಯಾಯ’ ಎಂಬುದರ ತದ್ಭವವೆಂದು ಹೇಳಿದಾಗ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. ಆದ್ದರಿಂದ ಯಾವ ಹೆಸರನ್ನೇ ಆರಿಸಿದರೂ ಆ್ಯಪ್‌ನ ಮಾತಿಗೆ ನಿಲ್ಲದೆ, ಕನ್ನಡದ್ದಾದರೆ 1894ರ ಕಿಟ್ಟೆಲ್ ನಿಘಂಟನ್ನೋ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನೋ, ಸಂಸ್ಕೃತದ್ದಾದರೆ ಮೋನಿಯರ್ ವಿಲಿಯಮ್ಸ್ ಅವರ ಕೋಶವನ್ನೋ ಒಮ್ಮೆ ತೆರೆದು ನೋಡಿ. ಅಲ್ಲಿ ಸಿಗದ ಹೆಸರಿಗೆ ‘ಸಂಸ್ಕೃತ’ ಎಂಬ ಚೀಟಿ ಅಂಟಿಸಿದ್ದರೆ ಸಂಶಯಪಡುವುದೇ ಲೇಸು.

ಕಾಫಿ ಬೆಳೆಗಾರ ಕುಟುಂಬದ ಗೃಹಿಣಿ, ಮೂಡಿಗೆರೆ

ಮೇಷ್ಟ್ರು ಹೇಳಿದ ‘ವಿಷ್ಟಿ’ ನಮ್ಮ ಮನೆಯಲ್ಲಿ ಬೇರೊಂದು ದಾರಿಯಿಂದ ಬಂದು ಕಾಡಿತ್ತು. ತುಂಗೆ, ಭದ್ರೆಯರು ನಮ್ಮ ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುವವರು, ಹೇಮಾವತಿ ನಮ್ಮ ತಾಲ್ಲೂಕಿನ ಜಾವಳಿಯವಳು. ಹಾಗಾಗಿ ಹೆಣ್ಣುಮಗುವಿಗೆ ಹೊಳೆಯ ಹೆಸರನ್ನೇ ಇಡಬೇಕೆಂದು ನಾನು ‘ಭದ್ರಾ’ ಎಂದೆ. ಭದ್ರೆ ಎಂದರೆ ವಿಷ್ಟಿ ಕರಣ, ಆ ಹೊತ್ತಿನಲ್ಲಿ ಶುಭಕಾರ್ಯವನ್ನೇ ಮಾಡುವುದಿಲ್ಲ, ಅಂಥ ಹೆಸರು ಏಕೆ ಎಂದು ಅತ್ತೆಯವರು ತಕರಾರು ತೆಗೆದರು. ನಿಘಂಟಿನಲ್ಲಿ ‘ಭದ್ರ’ ಎಂಬುದಕ್ಕೆ ಮಂಗಳ ಎಂದೇ ಅರ್ಥವಿದೆಯೆಂದು ತೋರಿಸಿದರೂ ಅವರು ಒಪ್ಪಲಿಲ್ಲ. ಕೊನೆಗೆ ‘ಸುಭದ್ರಾ’ ಎಂದಾಗ ಯಾರೂ ತುಟಿ ಬಿಚ್ಚಲಿಲ್ಲ! ಮನೆಯಲ್ಲಿ ಎಲ್ಲರೂ ಭದ್ರಾ ಎಂದೇ ಕರೆಯುತ್ತೇವೆ, ಅತ್ತೆಯವರೂ ಸಹ.

ಸಹಕಾರ ಸಂಘದ ನೌಕರರು, ಅರಸೀಕೆರೆ

ನಾಮಕರಣಕ್ಕೆ ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕಾದರೂ ಹೆಸರಿನ ಜಾಗವನ್ನು ಖಾಲಿ ಬಿಟ್ಟು, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಿಕೊಳ್ಳಬಹುದು. ಇಂಗ್ಲಿಷ್ ಕಾಗುಣಿತವನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ನಾವು ‘ತ’ಕಾರಕ್ಕೆ ಟಿ ಎಚ್ ಬರೆಯುತ್ತೇವೆ, ಉತ್ತರದವರು ಬರಿಯ ಟಿ, ನಮ್ಮ ‘ಋ’ ‘ರು’ ಆದರೆ ಅವರದು ‘ರಿ’. ನನ್ನ ಮಗಳು ಋತು, ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿಯಾಗಿ, ಪಾಸ್‌ಪೋರ್ಟಿಗೆ ಮೊದಲು ಅದನ್ನು ಸರಿಪಡಿಸಲು ನಾಲ್ಕು ತಿಂಗಳು ಅಲೆದೆ.

ಕ್ರೈಸ್ತ ಕುಟುಂಬದ ಶಿಕ್ಷಕಿ, ಹಾಸನ

ನಮ್ಮ ಹಿರಿಯರು ಶೆಟ್ಟಿಹಳ್ಳಿಯವರು. ಹೇಮಾವತಿ ಜಲಾಶಯ ತುಂಬಿದಾಗ ನೀರಿನಲ್ಲಿ ನಿಲ್ಲುವ ಹಳೆಯ ಇಗರ್ಜಿಯ ಊರು ಅದೇ. ನಮ್ಮ ಅಜ್ಜನ ಹೆಸರು ಅರುಳಪ್ಪ, ಅವರ ತಮ್ಮ ಇನಾಸಪ್ಪ. ಎರಡನ್ನೂ ಅಪ್ಪಟ ಹಳ್ಳಿಯ ಹೆಸರುಗಳೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಇನಾಸಪ್ಪ ಎಂಬುದು ಇಗ್ನೇಷಿಯಸ್ ಎಂಬ ಹೆಸರಿನ ಧ್ವನಿಯನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡದ್ದು. ಅರುಳಪ್ಪ ಎಂಬಲ್ಲಿ ಧ್ವನಿಯನ್ನು ಬಿಟ್ಟು ಅರ್ಥವನ್ನು ತಂದಿದ್ದಾರೆ: ಹೀಬ್ರೂವಿನ ಯೋಹಾನ ಎಂದರೆ ‘ಯೆಹೋವನು ಕೃಪೆ ತೋರಿದ್ದಾನೆ’, ತಮಿಳಿನ ‘ಅರುಳ್’ ಎಂದರೂ ಕೃಪೆಯೇ. ಅದೇ ಯೋಹಾನ ಫ್ರೆಂಚಿನ ಮೂಲಕ ಐರ್ಲೆಂಡಿಗೆ ಹೋಗಿ ಗಂಡಸರಿಗೆ ‘ಶಾನ್’ ಆಗಿದೆ, ಹೆಂಗಸರಿಗೆ ‘ಶಿವಾನ್’ ಆಗಿದೆ. ಹೌದು, ಉಚ್ಚಾರಣೆ ಶಿವಾನ್ ಎಂದೇ. ಇಂಗ್ಲಿಷಿನಂತೆ ಅಕ್ಷರ ಕೂಡಿಸಿ ಓದಲು ಹೋದರೆ ಮಾತ್ರ ಯಾರೂ ಹಾಗೆ ಓದಲಾರರು. ಆದ್ದರಿಂದ ‘ಶಿವಾನಿ’ ಎಂದು ಇಟ್ಟರೆ ಡಬ್ಲಿನ್‌ನಲ್ಲಿ ಯಾರ ನಾಲಿಗೆಯೂ ತೊಡರದು. ಮೂಲ ಬೇರೆಯೆಂಬುದು ನಿಜ. ಮಗು ಎರಡು ಕಥೆಗಳನ್ನೂ ಹೇಳಿಕೊಳ್ಳಲಿ. ರುದ್ರನ ನಕ್ಷತ್ರಕ್ಕೂ ಹೊಂದುತ್ತದಲ್ಲವೇ, ಮೇಷ್ಟ್ರೇ?

ಬೇಲೂರಿನ ಅಧ್ಯಾಪಕರು, ಮತ್ತೊಮ್ಮೆ

ಹೊಂದುತ್ತದೆ ತಾಯಿ. ಪಾಣಿನಿ ತನ್ನ ಸೂತ್ರದಲ್ಲಿ ಭವಾನೀ, ಶರ್ವಾಣೀ, ರುದ್ರಾಣೀ, ಮೃಡಾನೀ ಎಂಬ ರೂಪಗಳಿಗೆ ಎಡೆಮಾಡಿದ್ದಾನೆಯೇ ಹೊರತು ಆ ಪಟ್ಟಿಯಲ್ಲಿ ಶಿವನನ್ನು ಸೇರಿಸಿಲ್ಲ. ‘ಶಿವಾನಿ’ ಎಂಬುದು ಭವಾನಿಯನ್ನು ನೋಡಿ ಬೆಳೆದ ತಂಗಿ. ಬೀಗಿತ್ತಿಯವರು ವ್ಯಾಕರಣವನ್ನು ಕೇಳುವವರಾದರೆ ‘ರುದ್ರಾಣಿ’ ಎನ್ನಿ, ಕೇಳದಿದ್ದರೆ ನಾನೂ ಸುಮ್ಮನಿರುತ್ತೇನೆ.