3ನೇ ಕ್ರಾಸಿನ ತಗ್ಗು: ಭಾನುವಾರದ ಸಭೆಗೆ ಮೊದಲು

ಮನೆ ನಂ. 22: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ 3ನೇ ಕ್ರಾಸಿನ ತಗ್ಗಿಗೆ ಇನ್ನೊಂದು ಸ್ಕೂಟಿ ಬಿತ್ತು. 24 ಗಂಟೆ ನೀರು ಅಂತ ಪೈಪ್ ಹಾಕಿ, ಮೇಲೆ ಮಣ್ಣು ಎಳೆದು ಹೋಗಿ ಐದು ತಿಂಗಳಾಯ್ತು. ನಮ್ಮ ದಾವಣಗೆರೆಗೆ ನೀರು ಕೊಡೋ ಕುಂದವಾಡ ಕೆರೆ ತುಂಬಿದ್ರೂ ನಮ್ಮ ನಲ್ಲಿ ಮಾತ್ರ ಹಾಗೇ ಇದೆ. ನೀರಿಗಿಂತ ಮೊದಲು ಗಾಳಿ ಬರುತ್ತೆ, ಹೊಸ ಮೀಟರ್ ಗಿರ್ರನೆ ತಿರುಗುತ್ತೆ. ಭಾನುವಾರ 10ಕ್ಕೆ ಗಣಪತಿ ಗುಡಿ ಹತ್ರ ಸೇರೋಣ.

ಮೂಲೆ ಅಂಗಡಿ: ಸಭೆ ಮಾಡಿದ್ದು ಸಾಕು. ಈ ಕೆಲಸ ಕೊಟ್ಟ ಕಚೇರಿ ಮುಂದೆ ಖಾಲಿ ಕೊಡ ಇಟ್ಟು ಕೂರೋಣ. ಬಗ್ಗದಿದ್ರೆ ಕೋರ್ಟಿಂದ ಸ್ಟೇ ತರೋಣ.

ಮನೆ ನಂ. 9: ಸ್ಟೇ ತಂದು ಏನ್ ಮಾಡ್ತೀಯಪ್ಪ? ನಮಗೆ ಕೆಲಸ ನಿಲ್ಲೋದು ಬೇಕಿಲ್ಲ, ಮುಗಿಯೋದು ಬೇಕು. ಅಲ್ಲದೆ 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ 20ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಮೂಲಸೌಕರ್ಯದ ಗುತ್ತಿಗೆ ಕೆಲಸ ತಡವಾಗುವಂಥ ತಡೆಯಾಜ್ಞೆ ಸಿಗಲ್ಲ. ನೀರಿನ ಪೈಪೂ ಆ ಪಟ್ಟಿಯಲ್ಲಿದೆ.

ನಾನು ಕೆಲಸದಲ್ಲಿದ್ದಾಗ ಬಿಲ್ ನೋಡುತ್ತಿದ್ದವನು, ಅದಕ್ಕೆ ಹೇಳ್ತೀನಿ. ಇದು ಹಾಕಿ ಹೋಗೋ ಹಳೇ ಟೆಂಡರ್ ಥರ ಅಲ್ಲ. ಹಾಕಿದವರೇ ಕೆಲವು ವರ್ಷ ನಡೆಸಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಹೀಗೇ ಶುರುವಾಯ್ತು. ಪೈಪು ಸರ್ಕಾರದ್ದು, ನಡೆಸೋದು ಖಾಸಗಿಯವರು, ಅವರ ದುಡ್ಡಿನ ಒಂದು ಪಾಲು ಗುರಿ ಮುಟ್ಟಿದರೆ ಮಾತ್ರ. ಇಂಥ ಒಪ್ಪಂದಗಳಲ್ಲಿ ನೀರಿನ ಒತ್ತಡ ಎಷ್ಟಿರಬೇಕು, ದೂರು ಎಷ್ಟು ಗಂಟೆಯಲ್ಲಿ ಸರಿಹೋಗಬೇಕು, ತಪ್ಪಿದರೆ ಎಷ್ಟು ದಂಡ ಅಂತ ಬರೆದಿರುತ್ತೆ. ಆದರೆ ಗಂಟೆ ಎಣಿಸೋದು ದೂರು ದಾಖಲಾದ ಮೇಲೆ. ನಾವೇನ್ ಮಾಡಿದ್ವಿ? ವಾಟರ್‌ಮ್ಯಾನ್‌ಗೆ ಬೈದ್ವಿ, ಈ ಗ್ರೂಪಲ್ಲಿ ಫೋಟೋ ಹಾಕಿದ್ವಿ. ಕಾಗದದ ಮೇಲೆ ನಮ್ಮ ಬಡಾವಣೆಯ ದೂರು ಸೊನ್ನೆ. ಬಿಲ್ ಪಾಸ್ ಆಗದೆ ಇನ್ನೇನಾಗುತ್ತೆ?

ಮನೆ ನಂ. 31: ಸರ್ ಹೇಳಿದ್ದು ಸರಿ. ಇನ್ನೊಂದು ವಿಷಯ, ಆ ಒಪ್ಪಂದಕ್ಕೆ ಸಹಿ ಹಾಕಿದವರು ನಾವಲ್ಲ. ಹಾಗಾಗಿ ಅದನ್ನು ಹಿಡಿದು ನಾವೇ ಕಂಪನಿ ಮೇಲೆ ಕೇಸ್ ಹಾಕೋಕೆ ಬರಲ್ಲ. ಕೆಲಸ ಕೊಟ್ಟ ಕಚೇರಿಯೇ ನೋಟಿಸ್ ಕೊಡಬೇಕು, ಬಿಲ್ಲಿನಲ್ಲಿ ದಂಡ ಹಿಡಿಯಬೇಕು. ನಾವು ಒತ್ತಬೇಕಾದ್ದು ಕಚೇರಿಯನ್ನ. ಅಲ್ಲಿ ಆಗದಿದ್ರೆ ಕಾಯಂ ಲೋಕ ಅದಾಲತ್ ಇದೆ. ನೀರು ಸರಬರಾಜು ಅದರ ವ್ಯಾಪ್ತಿಗೆ ಬರುತ್ತೆ, ಕೋರ್ಟ್ ಫೀ ಇಲ್ಲ.

ಮೊದಲು ಮಾಹಿತಿ ಹಕ್ಕಿನಲ್ಲಿ ಒಪ್ಪಂದ ತೆಗೆಸೋಣ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಅದಕ್ಕೆ ಬೇರೆ ಬೇರೆ ಮನೆಯವರು ಹಾಕಿ. ‘ವ್ಯಾಪಾರದ ಗುಟ್ಟು’ ಅಂತ ತಳ್ಳಿಹಾಕಿದ್ರೆ ಮೇಲ್ಮನವಿ ನಾನು ಬರೆದುಕೊಡ್ತೀನಿ.

ಮನೆ ನಂ. 17: ನನಗೆ ಕಾನೂನು ತಿಳಿಯಲ್ಲ. ಬೆಳಿಗ್ಗೆ ಹಾಲಿಗೆ ಹೋದಾಗ ಹೊಲಿಗೆ ಟೇಪ್ ತಗೊಂಡು ಹೋಗಿ ತಗ್ಗು ಅಳೆದೆ. ಉದ್ದ 14 ಅಡಿ, ಅಗಲ 3, ಆಳ ಒಂದೂವರೆ. ಟೇಪ್ ಇಟ್ಟೇ ಫೋಟೋ ತೆಗೆದಿದ್ದೀನಿ. ತಳದಲ್ಲಿ ಕರಿ ಪೈಪು, ಅದರ ನೀಲಿ ಗೆರೆ ಕಾಣ್ತಿದೆ.

ಮನೆ ನಂ. 9: ತಡಿಯಮ್ಮ. ಒಂದೂವರೆ ಅಡಿಗೇ ಪೈಪ್ ಕಾಣ್ತಾ? ಲಾರಿ ಓಡಾಡೋ ರಸ್ತೆಯಲ್ಲಿ ಪೈಪಿನ ಮೇಲೆ ಸುಮಾರು ಒಂದು ಮೀಟರ್ ಮಣ್ಣಿರಬೇಕು. ಹಾಗಾದ್ರೆ ಇದು ಬರೀ ರಸ್ತೆ ಮುಚ್ಚೋ ಮಾತಲ್ಲ. ಅಗೆತದ ಬಿಲ್ ಆಳದ ಲೆಕ್ಕದಲ್ಲಿ ಹೋಗುತ್ತೆ. ಮಾಡಿದ ಕೆಲಸ ಅಳೆದು ಬರೆಯೋ ಅಳತೆ ಪುಸ್ತಕದಲ್ಲಿ 3ನೇ ಕ್ರಾಸಿಗೆ ಎಷ್ಟು ಆಳ ಬರೆದಿದ್ದಾರೆ ಅನ್ನೋದೇ ಮೊದಲನೇ ಅರ್ಜಿ ಆಗಲಿ. ಒಪ್ಪಂದದ್ದು ಎರಡನೇದು.

ಮನೆ ನಂ. 22: ಸರ್, ನಮ್ಮ ಹುಡುಗರು ಇವತ್ತು ಸಂಜೆ ಕಲ್ಲು-ಮಣ್ಣು ಹಾಕಿ ಮುಚ್ತೀವಿ ಅಂತಿದ್ದರು.

ಮನೆ ನಂ. 9: ಅಯ್ಯೋ, ಬೇಡ! ದೂರು ಕೊಟ್ಟು ನಂಬರ್ ತಗೊಳ್ಳಿ, ಇಂಜಿನಿಯರ್ ಬಂದು ನೋಡೋವರೆಗೂ ಮುಟ್ಟಬೇಡಿ. ಸುತ್ತ ಕಲ್ಲಿಟ್ಟು ಕೆಂಪು ಬಟ್ಟೆ ಕಟ್ಟಿ. ರಾತ್ರಿಗೆ ಅಂಗಡಿಯಿಂದ ಒಂದು ಬಲ್ಬ್ ಎಳೆಯೋಕಾಗುತ್ತಾ?

ಮೂಲೆ ಅಂಗಡಿ: ಬಲ್ಬ್ ಹಾಕ್ತೀನಿ. ಪೋಸ್ಟಲ್ ಆರ್ಡರ್ ಎರಡು ತರಲಾ?

ಮನೆ ನಂ. 31: ಮೂರು ತನ್ನಿ ಅಣ್ಣ. ಒಂದರಲ್ಲಿ ಹೆಸರು ತಪ್ಪು ಬರೆದೇ ಬರೀತೀವಿ.